ಎಂಬತ್ತರ ಅಂಚಿನ ಹಾಸ್ಯನಟರ ‘ಸದಾರಮೆ’ ನೋಡಿ ಬಂದೆ: ಕಳ್ಳನ ಹಾಡು, ಒನ್ಸ್ ಮೋರ್, ಟ್ರ್ಯಾಕಿನ ಗೋಳು

ರಂಗಪರದೆ

ಕಳೆದ ವಾರ ಬೆಂಗಳೂರಲ್ಲಿ ಒಂದು ಹವ್ಯಾಸಿ ತಂಡ ‘ಸದಾರಮೆ’ ಆಡಿತು. ಕಳ್ಳನ ಪಾರ್ಟಿಗೆ ಮಾತ್ರ ವೃತ್ತಿ ನಾಟಕ ಕಂಪನಿಯಲ್ಲೇ ಬೆಳೆದ ಹಿರಿಯ ಹಾಸ್ಯನಟರೊಬ್ಬರನ್ನು ಕರೆಸಿದ್ದರು. ಅವರ ಹೆಸರು ಹಾಕೋದಿಲ್ಲ. ಮಂಡಿ, ಗಂಟಲು ಅಂತ ಅವರ ಆರೋಗ್ಯದ ಮಾತೂ ಇಲ್ಲಿ ಬರುತ್ತೆ, ಕೇಳದೆ ಬರೆಯೋದು ಚೆನ್ನಾಗಿರಲ್ಲ. ವಯಸ್ಸು ಎಂಬತ್ತರ ಹತ್ತಿರ ಅಂತಷ್ಟೇ ಇಟ್ಕೊಳ್ಳಿ.

ಕಥೆ ಗೊತ್ತಿಲ್ಲದವರಿಗೆ: ರಾಜಕುಮಾರ ಜಯವೀರ ಸೆಟ್ಟರ ಮಗಳು ಸದಾರಮೆಯನ್ನು ಮೆಚ್ಚಿ ಮದುವೆ ಆಗ್ತಾನೆ, ಆಮೇಲೆ ಇಬ್ಬರಿಗೂ ಕಷ್ಟದ ಮೇಲೆ ಕಷ್ಟ. ದಾರಿಯಲ್ಲಿ ಸದಾರಮೆ ಒಬ್ಬ ಕಳ್ಳನ ಕೈಗೆ ಸಿಗ್ತಾಳೆ, ಅವನನ್ನೇ ಏಮಾರಿಸಿ ಪಾರಾಗ್ತಾಳೆ. ಜನ ದುಡ್ಡು ಕೊಟ್ಟು ಬರ್ತಾ ಇದ್ದಿದ್ದು ಆ ಕಳ್ಳನಿಗೋಸ್ಕರ.

ಪರದೆ ಸರಿದಾಗ ಅವರು ರಂಗದ ಮೇಲಿರಲಿಲ್ಲ. ವಿಂಗ್‌ನಿಂದ ಮೊದಲು ಮೂಟೆ ಬಂತು, ಆಮೇಲೆ ಒಂದು ಕಾಲು, ಆಮೇಲೆ ಅವರು. ಹಾಡು ಶುರುವಾಯಿತು. ಎರಡನೇ ಸಾಲು ಮುಗಿಯೋಕೆ ಒಂದೇ ಪದ ಬಾಕಿ ಇರೋವಾಗ ನಿಲ್ಲಿಸಿಬಿಟ್ಟರು. ಮೂಟೆ ಕೆಳಗಿಟ್ಟು, ಬಾಯಿ ಬಿಚ್ಚಿ ಒಳಗೆ ಇಣುಕಿದರು. ತಬಲಾ ಓಡ್ತಾನೇ ಇದೆ, ಹಾರ್ಮೋನಿಯಂ ಒಂದೇ ಸ್ವರ ಹಿಡಿದು ಕೂತಿದೆ. ಪದ ಅಲ್ಲೆಲ್ಲೋ ಬಿದ್ದುಹೋಗಿದೆ ಅನ್ನೋ ಹಾಗೆ ಮೊಣಕೈವರೆಗೂ ಕೈ ಹಾಕಿ ತಡಕಾಡಿದರು. ಕೊನೆಗೆ ಎರಡು ಬೆರಳಲ್ಲಿ ಏನನ್ನೋ ಎತ್ತಿ, ಊದಿ ದೂಳು ಹಾರಿಸಿ, ಬಾಯಿಗೆ ಹಾಕಿಕೊಂಡು ಆ ಪದ ಹಾಡಿದರು. ಬಿದ್ದದ್ದು ಸರಿಯಾಗಿ ತಾಳದ ನೆತ್ತಿ ಮೇಲೆ. ಸಭಾಂಗಣ ಎದ್ದುಬಿಟ್ಟಿತು.

ಇನ್ನೊಂದು ಕಡೆ ಸ್ವರ ಮೇಲಕ್ಕೆ ಏರಬೇಕು, ಗಂಟಲು ಬರ್ತಿಲ್ಲ. ಮುಚ್ಚಿಡೋಕೆ ಹೋಗಲಿಲ್ಲ. ಬೆರಳು ಮೇಲೆ ತೋರಿಸಿ ಹಾರ್ಮೋನಿಯಂ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ಆ ಸ್ವರವನ್ನು ಹಾರ್ಮೋನಿಯಂನಲ್ಲಿ ಬಾರಿಸಿದರು. ಇವರು ತಾವೇ ಹಾಡಿದ ಗತ್ತಿನಲ್ಲಿ ಎದೆ ಉಬ್ಬಿಸಿ ಜನಕ್ಕೆ ಕೈಮುಗಿದರು.

ನೋಡಿದವರು ಇದ್ದರೆ ಬರೀರಿ. ನೋಡದೇ ಇರೋರು ಕಂಪನಿ ಹಾಸ್ಯದ ಬಗ್ಗೆ ಗೊತ್ತಿರೋದು ಹೇಳಿ.

ಹಿಂದಿನಸಾಲು

ನಾನೂ ಅಲ್ಲೇ ಇದ್ದೆ, ಹಿಂದಿನ ಸಾಲಲ್ಲಿ. ನಿಮ್ಮಷ್ಟು ಖುಷಿ ಆಗಲಿಲ್ಲ, ಹೇಳಿಬಿಡ್ತೀನಿ.

ಮೊದಲಿಗೆ ನಾಟಕಕ್ಕೆ ಮುಂಚೆ ಸನ್ಮಾನ, ಹಾರ, ಶಾಲು, ಮುಖ್ಯ ಅತಿಥಿಗಳ ಎರಡು ಮಾತು (ಎರಡು ಅಂತ ಹೇಳಿ ಎಷ್ಟಾಡಿದರೋ ದೇವರಿಗೇ ಗೊತ್ತು). ಅರ್ಧ ಜನಕ್ಕೆ ಅಲ್ಲೇ ಆಕಳಿಕೆ. ಮೂಟೆ ಪ್ರಸಂಗ ಚೆನ್ನಾಗಿತ್ತು, ಒಪ್ಪಿದೆ. ಆದರೆ ಉತ್ತರಾರ್ಧದ ಗುಂಪು ಹಾಡಲ್ಲಿ ಅವರು ಮಾಡಿದ್ದು ಒಂದೂ ನಡೀಲಿಲ್ಲ. ನಿಲ್ಲಿಸೋಕೆ ಹೋದರು, ಹಾಡು ಮುಂದೆ ಹೋಯಿತು, ಹಿಂದೆ ಬಿದ್ದರು, ಓಡಿ ಹಿಡಿದರು. ನಮ್ಮ ಸಾಲಲ್ಲಿ ಯಾರೂ ನಗಲಿಲ್ಲ, ಪಾಪ ಅನ್ನಿಸಿತು ಅಷ್ಟೇ. ಜೊತೆಗೆ ‘ದಪ್ಪ ಹೆಂಡತಿ’ ಜೋಕುಗಳು. ಅದಕ್ಕೂ ಚಪ್ಪಾಳೆ! ಹಿರಿಯರು ಅನ್ನೋ ಒಂದೇ ಕಾರಣಕ್ಕೆ ಎಲ್ಲಕ್ಕೂ ತಲೆದೂಗೋದು ಅವರಿಗೂ ಗೌರವ ಅಲ್ಲ.

ತಬಲಾಜೋಡಿ

@ಹಿಂದಿನಸಾಲು, ಆ ಗುಂಪು ಹಾಡಿಗೆ ಪಕ್ಕವಾದ್ಯ ಇತ್ತಾ, ಅಥವಾ ರೆಕಾರ್ಡ್ ಟ್ರ್ಯಾಕ್ ಹಾಕಿದ್ದರಾ?

ಹಿಂದಿನಸಾಲು

ಟ್ರ್ಯಾಕ್. ಹಾರ್ಮೋನಿಯಂನವರು ಸುಮ್ಮನೆ ಕೈ ಕಟ್ಟಿ ಕೂತಿದ್ದರು.

ತಬಲಾಜೋಡಿ

ಹಾಗಾದರೆ ಗೊತ್ತಾಯಿತು. ನಾನು ಹವ್ಯಾಸಿ ನಾಟಕಗಳಿಗೆ ತಬಲಾ ನುಡಿಸ್ತೀನಿ, ಅದಕ್ಕೇ ಕೇಳಿದ್ದು.

ಆ ಮೂಟೆ ಪ್ರಸಂಗದಲ್ಲಿ ಏನಾಗಿರುತ್ತೆ ನೋಡಿ. ಇಂಥ ಹಾಡುಗಳು ಹೆಚ್ಚಾಗಿ ಕೆಹರ್ವಾ ತಾಳದಲ್ಲೋ ದಾದ್ರಾ ತಾಳದಲ್ಲೋ ಇರ್ತವೆ, ಅಂದರೆ ಎಂಟು ಮಾತ್ರೆ ಅಥವಾ ಆರು. ಆವರ್ತ, ಅಂದರೆ ತಾಳದ ಒಂದು ಸುತ್ತು, ಚಿಕ್ಕದು; ಸಮ, ಅಂದರೆ ಸುತ್ತಿನ ಮೊದಲ ಪೆಟ್ಟು, ಬೇಗ ಬೇಗ ಬರುತ್ತೆ. ನಟ ನಿಲ್ಲಿಸಿದ ತಕ್ಷಣ ತಬಲಾದವನು ಠೇಕಾ (ತಾಳದ ಮೂಲ ನಡೆ) ಬಿಡಬಾರದು, ತುಂಬಿಸಲೂ ಬಾರದು. ಸಪ್ಪೆಯಾಗಿ ಬರೀ ಠೇಕಾ ಹಿಡಿದು ನಟನ ಕೈ, ಭುಜ ನೋಡ್ತಾ ಇರಬೇಕು. ಎಷ್ಟು ಆವರ್ತ ಅಂತ ಮೊದಲೇ ಲೆಕ್ಕ ಇರಲ್ಲ, ಜನ ಎಷ್ಟು ತಡ್ಕೊಳ್ತಾರೋ ಅಷ್ಟು. ನಗು ಏಳ್ತಾ ಇದ್ದರೆ ಇನ್ನೊಂದು ಸುತ್ತು ಬಿಡ್ತಾರೆ. ನಗು ಇಳೀತಾ ಇದೆ ಅನ್ನಿಸಿದ ಕ್ಷಣವೇ ಸಮಕ್ಕೆ ಬಂದು ಬೀಳಬೇಕು, ನಾವೂ ಅಲ್ಲೇ ಪೆಟ್ಟು ಕೊಡಬೇಕು. ಅರ್ಧ ಮಾತ್ರೆ ಆಚೀಚೆ ಆದರೆ ಮುಗೀತು, ಎಂಥ ಒಳ್ಳೆ ಅಭಿನಯವಾದರೂ ತಣ್ಣಗೆ.

ಇದನ್ನು ಟ್ರ್ಯಾಕ್ ಜೊತೆ ಮಾಡಿ ನೋಡೋಣ! ಅದು ಯಾರಿಗೂ ಕಾಯಲ್ಲ. ಚಿಕ್ಕ ವಯಸ್ಸಿಂದ ಮೇಷ್ಟ್ರ ಮುಖ ನೋಡಿ ಹಾಡಿದವರನ್ನು ಸ್ಪೀಕರ್ ಮುಂದೆ ನಿಲ್ಲಿಸಿದರೆ ಅವರು ಇನ್ನೇನು ಮಾಡಬೇಕಿತ್ತು? ನೀವು ಅಲ್ಲಿ ನೋಡಿದ್ದು ವಯಸ್ಸಿನ ಸೋಲಲ್ಲ, ತಂಡದ ಜಿಪುಣತನ.

ಹಿಂದಿನಸಾಲು

ಜಿಪುಣತನ ಅನ್ನೋದು ಸ್ವಲ್ಪ ಜಾಸ್ತಿ ಆಯಿತು. ಹತ್ತು ಜನ ಕುಣಿಯೋ ಹಾಡು, ಒಬ್ಬ ಹಾರ್ಮೋನಿಯಂ ಒಬ್ಬ ತಬಲಾ ಸಾಕಾಗಲ್ಲ ಅಂತ ಟ್ರ್ಯಾಕ್ ಮಾಡಿಸಿರ್ತಾರೆ. ಸ್ಟುಡಿಯೋ ಖರ್ಚೂ ಕಮ್ಮಿ ಏನಿರಲ್ಲ.

ತಬಲಾಜೋಡಿ

ಸರಿ, ಜಿಪುಣತನ ಬೇಡ, ಅರಿವು ಸಾಲದು ಅನ್ನೋಣ. ಕುಣಿತಕ್ಕೆ ಟ್ರ್ಯಾಕ್ ಹಾಕಲಿ, ಆದರೆ ಹಾಸ್ಯದವನನ್ನು ಅದರೊಳಗೆ ತುರುಕಬೇಡಿ.

ಬಾದಾಮಿಯಾಂವ

ನಮ್ಮ ಕಡೆ ಬರ್ರಿ ಒಮ್ಮೆ. ಬನದ ಹುಣ್ಣಿಮಿಗೆ ಬನಶಂಕರಿ ಜಾತ್ರಿ ಸುರು ಆತಂದ್ರ ಸಾಲಾಗಿ ನಾಟಕ ಕಂಪನಿ ಟೆಂಟ್ ಬೀಳ್ತಾವ. ಒಂದರ ಮೈಕಿನ ಸದ್ದು ಇನ್ನೊಂದರಾಗ ಕೇಳ್ತದ. ರಾತ್ರಿಯೆಲ್ಲಾ ಆಟ. ಅಲ್ಲಿ ಹಾಸ್ಯದಾಂವ ನಗಿಸಲಿಲ್ಲಂದ್ರ ಮಂದಿ ಮುಲಾಜಿಲ್ಲದ ಎದ್ದು ಬಾಜೂ ಟೆಂಟಿಗೆ ಹೋಗ್ತಾರ. ಪೋಸ್ಟರಿನ್ಯಾಗ ಹೀರೋಗಿಂತ ಕಾಮಿಡಿಯವರ ಫೋಟೋನ ದೊಡ್ಡದಿರ್ತದ, ನೋಡ್ರಿ ಬೇಕಾದ್ರ.

ಆದ್ರ ಖರೇ ಹೇಳ್ತೀನಿ, ನಮ್ಮ ಕಡೀನೂ ಈಗ ಕೀಬೋರ್ಡು, ರಿದಮ್ ಪ್ಯಾಡು. ಸಿನಿಮಾ ಹಾಡಿಗೆ ಡ್ಯಾನ್ಸು. ಕಾಲು ಹಾರ್ಮೋನಿಯಂ ನೋಡಬೇಕಂದ್ರ ಹುಡುಕಬೇಕು. ಇನ್ನ ಡಬಲ್ ಮೀನಿಂಗ್ ವಿಷಯ ಕೇಳಬ್ಯಾಡ್ರಿ, ಮನಿ ಮಂದಿ ಕೂಡ ಕುಂತು ನೋಡಾಕ ಆಗೂದಿಲ್ಲ ಕೆಲವೊಂದು. ಹಳೇ ಕಂಪನಿ ನಟ ಏಣಗಿ ಬಾಳಪ್ಪನವರಂಥಾವರು ನೂರು ದಾಟಿ ಬಾಳಿದ್ರು, 2018ರಾಗ ಹೋದ್ರು. ಮುಪ್ಪಿನ್ಯಾಗೂ ರಂಗಗೀತಿ ಹಾಡಾಕ ಕುಂತ್ರ ಮಂದಿ ಉಸಿರು ಬಿಗಿಹಿಡಿದು ಕೇಳ್ತಿತ್ತು. ಆ ಕಾಲದವರಿಗೆ ಹಾಡು ಬರಲಿಲ್ಲಂದ್ರ ಪಾರ್ಟೇ ಸಿಗ್ತಿರಲಿಲ್ಲ.

ಕಾಲುಪೆಟ್ಟಿಗೆ

ಕಳ್ಳನ ಪಾರ್ಟಿನ ವಂಶಾವಳಿ ಸ್ವಲ್ಪ ಹೇಳ್ತೀನಿ, ಈ ಚರ್ಚೆಗೆ ಬೇಕಾಗುತ್ತೆ.

1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿಗೆ ವೀರಣ್ಣನವರು ಹುಡುಗನಾಗಿ ಸೇರಿ ಮುಂದೆ ಯಜಮಾನರೇ ಆದರು. ಆನೆ ಕುದುರೆ ರಂಗಕ್ಕೆ ತಂದು ‘ಕುರುಕ್ಷೇತ್ರ’ ಆಡಿಸಿದ ಯಜಮಾನರು. ಆದರೆ ತಮಗೆ ಉಳಿಸಿಕೊಂಡಿದ್ದು ಹಾಸ್ಯದ ಪಾರ್ಟು. ‘ಸದಾರಮೆ’ಯ ಕಳ್ಳ ಅಂದರೆ ವೀರಣ್ಣ, ವೀರಣ್ಣ ಅಂದರೆ ಕಳ್ಳ ಅನ್ನೋ ಮಟ್ಟಕ್ಕೆ ಹೋಯಿತು. ಕಂಪನಿ ಯಜಮಾನ ತಾನೇ ಕಿರೀಟ ಹಾಕ್ಕೊಂಡು ರಾಜಾಪಾರ್ಟು ಮಾಡೋದು ವಾಡಿಕೆ, ಇವರು ಹೆಗಲ ಮೇಲೆ ಮೂಟೆ ಹೊತ್ತರು.

ಅವರ ಮೊಮ್ಮಗಳು ಬಿ. ಜಯಶ್ರೀ ತಮ್ಮ ‘ಸ್ಪಂದನ’ ತಂಡದಲ್ಲಿ ‘ಸದಾರಮೆ’ ಮಾಡಿಸಿದಾಗ ಕಳ್ಳನ ಪಾರ್ಟನ್ನು ತಾವೇ ಮಾಡಿದರು. ಕಂಪನಿ ಕಾಲದಲ್ಲಿ ಗಂಡಸರು ಸೀರೆ ಉಟ್ಟರು, ಇಲ್ಲಿ ಹೆಂಗಸು ಕಳ್ಳನಾದರು. ಅವರ ಕಂಠ ಎಂಥದ್ದು ಅಂತ ಗೊತ್ತಿಲ್ಲದವರು ಕಮ್ಮಿ. 2013ರಲ್ಲಿ ಪದ್ಮಶ್ರೀ ಬಂತು. ತಾತನಿಗೆ ಬಂದಿದ್ದು 1972ರಲ್ಲಿ, ಅವರು ತೀರಿಕೊಂಡ ವರ್ಷ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಈ ಪಾರ್ಟು ಬರೀ ಮಾತಲ್ಲಿ ಯಾವತ್ತೂ ನಿಂತಿಲ್ಲ. ನಮ್ಮ ಕಂಪನಿ ನಾಟಕದ ಮಟ್ಟುಗಳು ಪಾರ್ಸಿ, ಮರಾಠಿ ಕಂಪನಿಗಳ ಗಾಳಿಯಲ್ಲಿ ಬೆಳೆದವು, ಹಿಂದೂಸ್ತಾನಿ ಧಾಟಿ ಜಾಸ್ತಿ. ನಟ-ಗಾಯಕ ಎ.ವಿ. ವರದಾಚಾರ್ಯರ ಹಾಡಿಗೇ ಜನ ಮುಗಿಬೀಳ್ತಿದ್ದ ಕಾಲ. ಹಾಗೆ ಕಿವಿ ಪಳಗಿದ ಪ್ರೇಕ್ಷಕರ ಮುಂದೆ ಹಾಸ್ಯಗಾರ ಬೇಕಂತಲೇ ತಾಳ ತಪ್ಪಿದ ಹಾಗೆ ನಟಿಸಿ ಮತ್ತೆ ಹಿಡಿದರೆ ಅದೇ ದೊಡ್ಡ ನಗು. ತಾಳ ಬರದವನು ತಪ್ಪಿದರೆ ಯಾರೂ ನಗಲ್ಲ.

ಅರ್ಧಟಿಕೆಟ್

ನನಗೆ ಇದೆಲ್ಲ ಹೊಸದು. ಟಿವಿ ಕಾಮಿಡಿ ಷೋ ನೋಡಿ ಬೆಳೆದವಳು. ಒಂದು ಪ್ರಶ್ನೆ: ಕಥೆ ಅಷ್ಟು ಗಂಭೀರವಾಗಿ ನಡೀತಿರುವಾಗ ಮಧ್ಯೆ ಮಧ್ಯೆ ಈ ಹಾಸ್ಯದ ಸೀನ್ ಯಾಕೆ ಬರುತ್ತೆ? ಕಥೆಗೆ ಸಂಬಂಧವೇ ಇರಲ್ಲ ಕೆಲವು ಸಲ.

ಕಾಲುಪೆಟ್ಟಿಗೆ

ಹಿಂದೆ ಪರದೆ ಬದಲಾಯಿಸಬೇಕಲ್ಲ! ಅರಮನೆ ಸೀನರಿ ಎತ್ತಿ ಕಾಡು ಇಳಿಸೋಕೆ, ಪೀಠ ಸಾಗಿಸೋಕೆ, ನಾಯಕಿ ಸೀರೆ ಬದಲಾಯಿಸೋಕೆ ಹೊತ್ತು ಬೇಕು. ಅಷ್ಟು ಹೊತ್ತು ಮುಂದಿನ ಪರದೆ ಎದುರಿಗೆ ನಾಲ್ಕಡಿ ಜಾಗದಲ್ಲಿ ನಿಂತು ಜನರನ್ನು ಹಿಡಿದಿಡೋನು ಹಾಸ್ಯಗಾರ. ಒಳಗೆ ಕೆಲಸ ಮುಗೀಲಿಲ್ಲ ಅಂದರೆ ಹಾಡಿಗೆ ಇನ್ನೊಂದು ಚರಣ ಸೇರಿಸಬೇಕು, ಬೇಗ ಮುಗೀತು ಅಂದರೆ ಅಲ್ಲೇ ಮುಗಿಸಬೇಕು. ಅವರಿಗೆ ಹಿಗ್ಗಿಸೋದು ಕುಗ್ಗಿಸೋದು ಅಷ್ಟು ಸಲೀಸಾಗಿ ಬಂದಿದ್ದು ಈ ಚಾಕರಿಯಿಂದಲೇ.

ಸಿನಿಮಾಕ್ಕೆ ಹೋದಾಗಲೂ ಅದು ಕೈಬಿಡಲಿಲ್ಲ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಮೂವರೂ ನಾಟಕ ಕಂಪನಿಗಳಲ್ಲಿ ಪಳಗಿ ಬಂದವರೇ. ನರಸಿಂಹರಾಜು ಅವರ ಹಳೇ ಚಿತ್ರ ಯಾವುದಾದರೂ ಹಾಕಿ ನೋಡಿ, ಮಾತು ಎಲ್ಲಿ ನಿಲ್ಲಿಸ್ತಾರೆ ಅನ್ನೋದನ್ನೇ ಗಮನಿಸಿ.

ಮೈಕ್‌ಟೆಸ್ಟ್

ನಾನು ಧ್ವನಿ ವ್ಯವಸ್ಥೆಯವನು. ರಂಗಪರದೆಯವರು ಮೈಕಿನ ವಿಷಯ ಬರೆದೇ ಇಲ್ಲ. ಅವತ್ತು ಹೇಗಿತ್ತು?

ರಂಗಪರದೆ

ಅದನ್ನು ಬೇಕಂತಲೇ ಬಿಟ್ಟಿದ್ದೆ, ಈಗ ಕೇಳಿದಿರಿ. ಕಾಲರ್ ಮೈಕ್ ಹಾಕಿದ್ದರು. ಮೂಟೆ ಹೆಗಲಿಗೆ ಏರಿಸಿದಾಗಲೆಲ್ಲ ಕರಕರ. ಒಂದು ಹಂತದಲ್ಲಿ ಅವರೇ ಮೈಕನ್ನು ಕಿತ್ತು ಮೂಟೆಯೊಳಗೆ ಹಾಕಿ, “ಇದನ್ನೂ ಕದ್ದೆ” ಅಂತ ಬರೀ ಗಂಟಲಲ್ಲಿ ಹೇಳಿದರು. ಕೊನೇ ಸಾಲಿಗೂ ಕೇಳಿಸಿತು ಅನ್ಕೋತೀನಿ, ಹಿಂದಿನಸಾಲು ಅವರೇ ಸಾಕ್ಷಿ.

ಹಿಂದಿನಸಾಲು

ಕೇಳಿಸಿತು. ಅದು ಚೆನ್ನಾಗಿತ್ತು, ಇಲ್ಲ ಅನ್ನಲ್ಲ.

ಮೈಕ್‌ಟೆಸ್ಟ್

ಕಂಪನಿಯವರಿಗೆ ಮೇಲಿಂದ ಇಳಿಬಿಟ್ಟ ಮೈಕಿನ ಅಭ್ಯಾಸ. ರಂಗದ ಮಧ್ಯೆ ಎರಡೋ ಮೂರೋ ಮೈಕ್ ನೇತಾಡ್ತಿರ್ತವೆ, ಯಾವ ಮಾತು ಜನಕ್ಕೆ ಮುಟ್ಟಬೇಕೋ ಅದನ್ನು ಅದರ ಕೆಳಗೆ ಬಂದು ಹೇಳ್ತಾರೆ, ಗೊಣಗೋದಿದ್ದರೆ ಪಕ್ಕಕ್ಕೆ ಸರೀತಾರೆ. ಹತ್ತಿರ ದೂರ ಎರಡೂ ಅವರ ಕೈಯಲ್ಲೇ. ಕಾಲರ್ ಮೈಕಲ್ಲಿ ಪಿಸುಮಾತೂ ಕೂಗೂ ಒಂದೇ ಸ್ಪೀಕರಿಂದ ಒಂದೇ ದೂರದಿಂದ ಬರುತ್ತೆ. ನಾಟಕದವರು ನಮ್ಮ ಹತ್ತಿರ ಬಂದಾಗ ಹಾಸ್ಯದ ಸೀನಿಗೆ ನಾನು ಹೇಳೋದು ಒಂದೇ: ಹಾರ್ಮೋನಿಯಂಗೆ ಮೈಕ್ ತೀರಾ ಹತ್ತಿರ ಇಡಬೇಡಿ, ಜನರ ನಗು ರಂಗದವರಿಗೆ ವಾಪಸ್ ಕೇಳಿಸಬೇಕು. ನಟರ ಎದುರಿನ ಮಾನಿಟರಲ್ಲಿ ವಾದ್ಯವನ್ನೇ ಜೋರಾಗಿ ಬಿಟ್ಟರೆ ನಗು ಎಲ್ಲಿ ಇಳೀತು ಅಂತ ಅವರಿಗೆ ಗೊತ್ತಾಗೋದೇ ಇಲ್ಲ.

ಹಿಂದಿನಸಾಲು

ನನ್ನ ಇನ್ನೊಂದು ತಕರಾರಿಗೆ ಯಾರೂ ಉತ್ತರ ಕೊಡಲಿಲ್ಲ. ಹೆಂಡತಿ ಜೋಕು. ಮೂಲ ನಾಟಕದಲ್ಲಿ ಅದಿಲ್ಲ, ಇವರು ಸೇರಿಸಿದ್ದು. ಹಳೇ ನಾಟಕಕ್ಕೆ ಹೊಸ ಮಾತು ಸೇರಿಸೋದಾದರೆ ಹೊಸದಾಗೇ ಇರಲಿ.

ರಂಗಪರದೆ

ಆ ಜೋಕು ನನಗೂ ಹಿಡಿಸಲಿಲ್ಲ. ನಕ್ಕವರು ನಕ್ಕರು, ನಮ್ಮ ಪಕ್ಕದ ಇಬ್ಬರು ಹೆಣ್ಣುಮಕ್ಕಳು ಮುಖ ಮುಖ ನೋಡ್ಕೊಂಡರು. ಆದರೆ ಗಮನಿಸಿ, ಅದನ್ನು ಅವರು ಹಾಡು ನಿಲ್ಲಿಸಿ, ಮುಂದೆ ಬಂದು, ಮಾತಲ್ಲಿ ಹೇಳಿದರು. ಆ ಟ್ರ್ಯಾಕ್ ಹಾಡು ಬಿಟ್ಟರೆ ಅವತ್ತು ಅವರ ದುರ್ಬಲ ಜಾಗಗಳೆಲ್ಲ ಬರೀ ಮಾತಿನ ಜಾಗಗಳೇ. ಹಾಡೊಳಗೆ ಇದ್ದಾಗ ಒಂದೂ ಅಂಥದ್ದು ಬರಲಿಲ್ಲ.

ಬಾದಾಮಿಯಾಂವ

ಮಾತು ಸೇರಿಸೂದು ತಪ್ಪಲ್ರಿ. ಮಾಸ್ಟರ್ ಹಿರಣ್ಣಯ್ಯ ತಮ್ಮ ‘ಲಂಚಾವತಾರ’ ನಾಟಕದಾಗ ಅವತ್ತಿನ ಪೇಪರಿನ ಸುದ್ದಿನ ರಂಗದ ಮ್ಯಾಲ ತರ್ತಿದ್ರು. ಮುಂದಿನ ಸಾಲಿನ್ಯಾಗ ಮಂತ್ರಿ ಕುಂತಿದ್ರೂ ಬಿಡ್ತಿರಲಿಲ್ಲ. ಇವತ್ತು ನೋಡಿದ ನಾಟಕ ನಾಳಿ ಇರ್ತಿರಲಿಲ್ಲ. ಆದ್ರ ಅವರು ಬೈತಿದ್ದುದು ಅಧಿಕಾರದಾಗ ಇದ್ದವರಿಗೆ. ಮನ್ಯಾಗಿನ ಹೆಂಡತಿಗೆ ಬೈಯಾಕ ಏನು ಧೈರ್ಯ ಬೇಕು?

ಕಾಲುಪೆಟ್ಟಿಗೆ

ಬಾದಾಮಿಯಾಂವ ಅವರ ಮಾತಿಗೆ ಒಂದು ಸೇರಿಸ್ತೀನಿ. ಹಿರಣ್ಣಯ್ಯನವರದ್ದು ಮಾತಿನ ಮಳೆ, ಉಸಿರು ತೆಗೆಯದೆ ಹೊಡೀತಿದ್ದರು. ಅದು ಬೇರೆಯೇ ಜಾತಿಯ ಹಾಸ್ಯ, ಅದರ ಓಟಕ್ಕೂ ಒಂದು ಲಯ ಇತ್ತು. ಕಳ್ಳನ ಪಾರ್ಟನ್ನು ಆ ಅಳತೆಯಿಂದ ನೋಡಿದರೆ ಎರಡಕ್ಕೂ ಅನ್ಯಾಯ. ಹಾಡಲ್ಲೇ ನಗು ಕಟ್ಟೋಕೆ ನಾಟಕಕಾರ ಕೈಲಾಸಂ ಅವರ ‘ಕೋಳೀಕೆ ರಂಗ’ ಹಾಡು ನೋಡಿ. ಇಂಗ್ಲಿಷಿನಲ್ಲಿ ಕಾನ್‌ಸ್ಟಾಂಟಿನೋಪಲ್ ಅನ್ನೋ ಊರಿನ ಹೆಸರನ್ನು ಅಕ್ಷರ ಬಿಡಿಸಿ ಹಾಡೋ ಒಂದು ಹಾಡಿನ ಧಾಟಿ, ಅದಕ್ಕೆ ನಮ್ಮ ಹಳ್ಳಿಯವನನ್ನು ತಂದು ಕೂರಿಸಿದರು. ಓದಿದರೆ ಮುಗುಳ್ನಗೆ ಬರಬಹುದು, ತಾಳಕ್ಕೆ ಹಾಡಿದರೆ ಮಾತ್ರ ಹೊಟ್ಟೆ ಹುಣ್ಣಾಗುತ್ತೆ.

ಅರ್ಧಟಿಕೆಟ್

ಒನ್ಸ್ ಮೋರ್ ಬಗ್ಗೆ ಶೀರ್ಷಿಕೆಯಲ್ಲಿ ಹಾಕಿದ್ದೀರಿ, ಬರೀಲೇ ಇಲ್ಲ?

ರಂಗಪರದೆ

ಹೌದಲ್ಲ. ಮೂಟೆ ಹಾಡು ಮುಗಿದ ಕೂಡಲೇ ಯಾರೋ ಹಳಬರು ಒನ್ಸ್ ಮೋರ್ ಅಂತ ಕೂಗಿದರು, ಸಭೆಯೆಲ್ಲ ಸೇರ್ಕೊಂಡಿತು. ಅವರು ಕೈ ಎತ್ತಿ ಸುಮ್ಮನಿರಿಸಿ, ಬಗ್ಗಿ ಬಲ ಮಂಡಿಗೆ ಕಿವಿ ಇಟ್ಟು ಏನೋ ಕೇಳಿದರು. ಮಂಡಿ ಒಪ್ಪಲಿಲ್ಲ ಅಂತ ತಲೆ ಅಲ್ಲಾಡಿಸಿದರು. ಎಡ ಮಂಡಿಯನ್ನು ಕೇಳಿದರು. ಅದು ಒಪ್ಪಿತು. ಒಂಟಿ ಕಾಲಲ್ಲಿ ನಿಂತು ಕೊನೆಯ ಎರಡು ಸಾಲು ಮಾತ್ರ ಹಾಡಿದರು, ಸದಾರಮೆ ಪಾರ್ಟಿನ ಹುಡುಗಿ ಭುಜ ಕೊಟ್ಟಳು. ಅವಳು ನಗು ತಡ್ಕೊಳ್ಳೋಕೆ ಒದ್ದಾಡಿದ್ದು ಕಂಡಿತು, ಅದೂ ಚೆನ್ನಾಗೇ ಇತ್ತು. ಸತ್ತು ಬಿದ್ದ ಪಾತ್ರ ಒನ್ಸ್ ಮೋರ್ ಕೇಳಿ ಎದ್ದು ಹಾಡಿ ಮತ್ತೆ ಸಾಯ್ತಿತ್ತು ಅಂತ ಕಂಪನಿ ಕಥೆಗಳಲ್ಲಿ ಕೇಳಿದ್ದೀವಲ್ಲ, ಅದೇ ಗೊತ್ತುಗುರಿ ಇಲ್ಲದ ಸಂಪ್ರದಾಯ.

ಹಿಂದಿನಸಾಲು

ಅದನ್ನು ನಾನು ಮೊದಲೇ ಗೊತ್ತುಮಾಡ್ಕೊಂಡ ಗಿಮಿಕ್ ಅಂದ್ಕೊಂಡೆ.

ತಬಲಾಜೋಡಿ

ಇರಬಹುದು. ಹಾಸ್ಯಗಾರನ ಬತ್ತಳಿಕೆಯಲ್ಲಿ ಇಂಥವು ರೆಡಿ ಇರ್ತವೆ. ಆದರೆ ಯಾವತ್ತು, ಯಾವ ಹಾಡಿನ ಮೇಲೆ ತೆಗೀಬೇಕು ಅನ್ನೋದು ಆ ಹೊತ್ತಿನ ಲೆಕ್ಕ. ನಮಗೆ ಮೇಷ್ಟ್ರು ಕಣ್ಣಲ್ಲೇ ಹೇಳ್ತಾರೆ, ‘ಬರ್ತಾ ಇದೆ, ಠೇಕಾ ಬಿಡಬೇಡ’ ಅಂತ. ಗೊತ್ತಿದ್ದ ಜೋಕಿಗೇ ನಾವು ಪ್ರತೀ ಸಲ ನಗ್ತೀವಿ.

ಮೈಕ್‌ಟೆಸ್ಟ್

ಇದೇ ತಂಡ ಮತ್ತೆ ಆಡ್ತಾರಾ? ಆಡಿದರೆ ಧ್ವನಿ ನಾನು ನೋಡ್ಕೋತೀನಿ, ದುಡ್ಡು ಬೇಡ. ಒಂದೇ ಷರತ್ತು, ಹಾರ್ಮೋನಿಯಂ ಮೇಷ್ಟ್ರನ್ನು ವಿಂಗ್‌ನಲ್ಲಿ ಬಚ್ಚಿಡದೆ ರಂಗದ ಮುಂದೆ, ನಟರ ಮುಖ ಕಾಣೋ ಹಾಗೆ ಕೂರಿಸಬೇಕು.

ರಂಗಪರದೆ

ಅವತ್ತು ಮುಂದೆಯೇ ಕೂತಿದ್ದರು, ಅದಕ್ಕೇ ಆ ಬೆರಳು ತೋರಿಸಿದ ಆಟ ಸಾಧ್ಯವಾಯಿತು. ಮತ್ತೆ ಆಡೋದು ತಂಡದವರು ಇನ್ನೂ ನಿಶ್ಚಯ ಮಾಡಿಲ್ಲ, ಮಳೆಗಾಲ ಕಳೀಲಿ ಅಂತಿದ್ದಾರೆ. ಗುಂಪು ಹಾಡಿಗೆ ಟ್ರ್ಯಾಕ್ ಬೇಡ ಅಂತ ನಾನೇ ಹೇಳ್ತೀನಿ, ತಬಲಾಜೋಡಿ ಅವರ ಬರಹವನ್ನೇ ತೋರಿಸ್ತೀನಿ.

ಕಾಲುಪೆಟ್ಟಿಗೆ

ಅವರ ಹತ್ತಿರ ಕಾಲು ಹಾರ್ಮೋನಿಯಂ ಇತ್ತಾ, ಕೈ ಪೆಟ್ಟಿಗೆಯಾ? ಕಾಲಲ್ಲಿ ತಿದಿ ಒತ್ತೋದಾದರೆ ಎರಡು ಕೈಯೂ ಸ್ವರದ ಮನೆಗಳ (ಕೀಗಳ) ಮೇಲೆ ಇರುತ್ತೆ. ಸ್ವರ ಹಿಡಿದು ನಿಲ್ಲಿಸಿ ಇನ್ನೊಂದು ಕೈಲಿ ಚೇಷ್ಟೆ ಮಾಡಬಹುದು. ಕೈ ಪೆಟ್ಟಿಗೆಯಲ್ಲಿ ಒಂದು ಕೈ ತಿದಿಗೇ ಹೋಗುತ್ತೆ.

ರಂಗಪರದೆ

ಕೈ ಪೆಟ್ಟಿಗೆ.

ಕಾಲುಪೆಟ್ಟಿಗೆ

ಹಾಗಿದ್ದರೆ ಮುಂದಿನ ಪ್ರದರ್ಶನಕ್ಕೆ ನನ್ನ ಕಾಲು ಹಾರ್ಮೋನಿಯಂ ಒಯ್ಯಿರಿ. ಎರಡು ರೀಡು ಕಟ್ಟಿಕೊಂಡಿವೆ, ಎಡಗಡೆ ಪೆಡಲ್ಲು ಕಿರ್ ಅನ್ನುತ್ತೆ, ರಿಪೇರಿಗೆ ಕೊಡ್ತೀನಿ. ಹೊರೋಕೆ ಮಾತ್ರ ಇಬ್ಬರು ಗಟ್ಟಿಮುಟ್ಟಾದವರನ್ನು ಕಳಿಸಿ, ನನ್ನ ಮನೆ ಮೂರನೇ ಮಹಡಿ, ಲಿಫ್ಟಿಲ್ಲ.